ನಾಳ ಕಾಣುವ ಮೊದಲೇ ಬರೆದ ಲೆಕ್ಕ

ಗಣಿತ ನರಕೋಶದ ವರ್ತನೆಯನ್ನು ವರ್ಣಿಸೀತೇ ಹೊರತು ಅದರ ರಚನೆಯ ಸುಳಿವು ಕೊಡಲಾರದು ಎಂಬ ಅನುಮಾನ ಹಳೆಯದು. ಅಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ 1952ರಲ್ಲಿ ಪ್ರಕಟಿಸಿದ ಸಮೀಕರಣಗಳ ಮುಂದೆ ಆ ಅನುಮಾನ ನಿಲ್ಲುವುದು ಕಷ್ಟ. ಇಂಗ್ಲೆಂಡಿನ ಪ್ಲಿಮತ್‌ನ ಕಡಲ ಪ್ರಯೋಗಾಲಯದಲ್ಲಿ ಅವರು ಆರಿಸಿಕೊಂಡದ್ದು ಸ್ಕ್ವಿಡ್, ಅಂದರೆ ನಮ್ಮ ಕರಾವಳಿಯವರ ಬೊಂಡಾಸ್. ಅದರ ದೈತ್ಯ ನರತಂತು ಸುಮಾರು ಅರ್ಧ ಮಿಲಿಮೀಟರ್ ದಪ್ಪವಿದ್ದುದರಿಂದ ಒಳಗೇ ತಂತಿ ತೂರಿಸಬಹುದಿತ್ತು. ಪೊರೆಯ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟು ಸೋಡಿಯಂ, ಪೊಟ್ಯಾಸಿಯಂ ಅಯಾನುಗಳ ಹರಿವನ್ನು ಬಿಡಿಸಿ ಅಳೆದರು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಬಳಕೆಗೆ ಸಿಗದೆ, ಹಕ್ಸ್‌ಲಿ ಕೈಯಿಂದ ತಿರುಗಿಸುವ ಬ್ರುನ್ಸ್‌ವಿಗಾ ಯಂತ್ರದಲ್ಲಿ ವಾರಗಟ್ಟಲೆ ಲೆಕ್ಕ ಹಾಕಿದರು. ನರಸಂಕೇತದ ವೇಗ ಲೆಕ್ಕದಲ್ಲಿ ಸೆಕೆಂಡಿಗೆ 18.8 ಮೀಟರ್ ಬಂತು; ಅಳತೆಯಲ್ಲಿ 21.2.

ಸಂಖ್ಯೆಗಳನ್ನು ಬೇಕಾದಂತೆ ತಿದ್ದಿದರೆ ಯಾವ ಸಮೀಕರಣವೂ ಹೊಂದೀತು ಎನ್ನಬಹುದು. ಆಕ್ಷೇಪ ಹಗುರವಲ್ಲ, ಸಮೀಕರಣ ಹೊಂದಿದ ಮಾತ್ರಕ್ಕೆ ಅದರ ಹಿಂದಿನ ಭೌತಿಕ ಚಿತ್ರ ನಿಜವೆನ್ನಲಾಗದು ಎಂದು ಅವರೇ ಎಚ್ಚರಿಸಿದ್ದರು. ಆದರೆ ಆ ವೇಗವನ್ನು ಯಾರೂ ತಿದ್ದಿ ಹೊಂದಿಸಿರಲಿಲ್ಲ. ಸ್ಥಿರ ವೋಲ್ಟೇಜಿನಲ್ಲಿ ಪಡೆದ ಅಳತೆಗಳಿಂದಲೇ ಅದು ಹೊರಬಂದಿತ್ತು. ಅದಕ್ಕಿಂತ ಕುತೂಹಲದ ಸಂಗತಿ ಬೇರೆ: ಪೊಟ್ಯಾಸಿಯಂ ಹರಿಯಲು ನಾಲ್ಕು ಕಣಗಳು ಒಟ್ಟಿಗೆ ಜಾಗಕ್ಕೆ ಬರಬೇಕೆಂದು ಊಹಿಸಿ ಅವರು ನಾಲ್ಕನೆಯ ಘಾತ ಬಳಸಿದ್ದರು. ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್ಮನ್ ಪೊರೆಯಲ್ಲಿ ಅಯಾನುಗಳು ಹಾಯುವ ಒಂಟಿ ನಾಳದ ವಿದ್ಯುತ್ತನ್ನು ದಾಖಲಿಸಿದ್ದು 1976ರಲ್ಲಿ. 1998ರಲ್ಲಿ ರಾಡರಿಕ್ ಮೆಕಿನನ್ ತಂಡ ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ನಾಳವೊಂದರ ರಚನೆ ಬಿಡಿಸಿದಾಗ ಅದರಲ್ಲಿ ಒಂದೇ ಬಗೆಯ ನಾಲ್ಕು ಉಪಘಟಕಗಳಿದ್ದವು. ಹಾಗೆಂದು ಸಮೀಕರಣವನ್ನು ಭವಿಷ್ಯವಾಣಿ ಮಾಡಬೇಕಿಲ್ಲ. ಸೋಡಿಯಂಗೆ ಅವರು ಬಳಸಿದ್ದು ಮೂರನೆಯ ಘಾತ, ಜೊತೆಗೆ ಹರಿವನ್ನು ತಡೆಯುವ ಇನ್ನೊಂದು ಅಂಶ; ನರಕೋಶದ ಸೋಡಿಯಂ ನಾಳದಲ್ಲಿಯೂ ಇರುವುದು ನಾಲ್ಕು ಭಾಗಗಳೇ.