ಮುಖತ್ಯಾರ ಪತ್ರವೂ ಸಾತಾರೆಯ ವಕೀಲನೂ

ಒಬ್ಬನ ಪರವಾಗಿ ಮತ್ತೊಬ್ಬನು ನಿಂತು ವ್ಯವಹರಿಸುವ ಪದ್ಧತಿಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಅರ್ಥಿಯಾಗಲಿ ಪ್ರತ್ಯರ್ಥಿಯಾಗಲಿ ನಿಯೋಜಿಸಿದವನು ವಾದಿಸಿದಾಗ ಉಂಟಾಗುವ ಜಯಾಪಜಯಗಳು ನಿಯೋಜಿಸಿದವನಿಗೇ ಸಲ್ಲುವವೆಂದು ನಾರದಸ್ಮೃತಿಯು ವಿಧಿಸಿರುವುದು. ತಂದೆ, ಮಗ, ಸಹೋದರ ಇವರಲ್ಲಿ ಯಾರೂ ಆಗಿರದೆ, ನಿಯೋಗವನ್ನೂ ಪಡೆಯದೆ ಪರರ ಪರವಾಗಿ ವಾದಿಸಬಂದವನು ದಂಡಾರ್ಹನೆಂದೂ ಅಲ್ಲಿಯೇ ಹೇಳಿದೆ.

ಪಾರಸಿ ದಫ್ತರದೊಡನೆ ವಕೀಲ, ಮುಖತ್ಯಾರ ಎಂಬ ಅರಬ್ಬೀ ಮೂಲದ ಶಬ್ದಗಳು ಕನ್ನಡಕ್ಕೆ ಬಂದು ನೆಲೆಸಿದವು. ಒಂದೇ ಕಾರ್ಯಕ್ಕೆ ಬರೆದುಕೊಟ್ಟುದು ಖಾಸ ಮುಖತ್ಯಾರ ಪತ್ರ. ಸಮಸ್ತ ವ್ಯವಹಾರಕ್ಕೆ ಕೊಟ್ಟುದು ಆಮ ಮುಖತ್ಯಾರ ಪತ್ರ. 1882ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಶಾಸನವಾಯಿತು. ಆದರೆ ಮುಖ್ಯವಾದ ನಿಯಮವಿರುವುದು 1872ರ ಕರಾರು ಶಾಸನದ 201ನೆಯ ಕಲಮಿನಲ್ಲಿ: ಅಧಿಕಾರ ಕೊಟ್ಟವನು ಮೃತನಾದೊಡನೆ ಆ ಅಧಿಕಾರವೂ ಮುಗಿಯುವುದು. ಮುಖತ್ಯಾರನಿಗೇ ಆ ಸ್ವತ್ತಿನಲ್ಲಿ ಸ್ವಂತ ಹಿತವಿದ್ದ ಪ್ರಸಂಗ ಮಾತ್ರ ಇದಕ್ಕೆ ಅಪವಾದ. ಇಷ್ಟಲಿಂಗಪೂಜೆಗೆ ಮುಖತ್ಯಾರರಿಲ್ಲ, ಮಠಗಳ ಹೊಲಮನೆಗಳ ವ್ಯವಹಾರವಾದರೋ ಅವರಿಲ್ಲದೆ ಸಾಗದು. ಆದುದರಿಂದ ಪೂಜ್ಯರು ಲಿಂಗೈಕ್ಯರಾದ ಮೇಲೆ ಹಳೆಯ ಪತ್ರವನ್ನು ನೆಚ್ಚದೆ, ಪಟ್ಟವೇರಿದವರಿಂದ ಹೊಸದನ್ನು ಬರೆಯಿಸಿಕೊಳ್ಳುವುದೇ ಕ್ಷೇಮ.

ಹಿಂದೆ ವಕೀಲನೆಂದರೆ ಕರಿಯ ನಿಲುವಂಗಿಯ ನ್ಯಾಯವಾದಿಯೇ ಆಗಬೇಕೆಂದಿರಲಿಲ್ಲ. ದೊರೆಯೊಬ್ಬನ ಮಾತನ್ನು ಪರರ ದರ್ಬಾರಿನಲ್ಲಿ ಆಡುವ ರಾಯಭಾರಿಗೂ ಅದೇ ಹೆಸರು. ಅಂಥವರಲ್ಲಿ ನಮ್ಮ ಸೀಮೆಯವರು ಮರೆಯಬಾರದವನು ರಂಗೋ ಬಾಪೂಜಿ. ಏಕೆಂದರೆ 1818ರಿಂದ 1848ರ ವರೆಗೆ ಬಿಜಾಪುರವು ಸಾತಾರೆಯ ಅರಸರ ಕೈಯಲ್ಲಿದ್ದಿತು. ಅರಸ ಪ್ರತಾಪಸಿಂಹನನ್ನು ಕಂಪನಿ ಸರಕಾರವು 1839ರಲ್ಲಿ ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿ, ಅವನ ತಮ್ಮನನ್ನು ಗಾದಿಗೇರಿಸಿತು. ಅರಸನ ಪರವಾಗಿ ನ್ಯಾಯ ಕೇಳಲು ರಂಗೋ ಬಾಪೂಜಿಯು ಕಡಲು ದಾಟಿ ಲಂಡನ್ನಿಗೆ ಹೋದನು. ಗಾದಿ ಕಳೆದುಕೊಂಡವನು ಕೊಟ್ಟ ಅಧಿಕಾರವನ್ನು, ಗಾದಿ ಕಳೆದವರ ಎದುರಿನಲ್ಲಿಯೇ ಸ್ಥಾಪಿಸಬೇಕಾಗಿದ್ದಿತು! ಕಂಪನಿಯ ಡೈರೆಕ್ಟರರು ಅವನ ಮೊರೆಗೆ ಕಿವಿಗೊಡಲಿಲ್ಲ. 1847ರಲ್ಲಿ ಪ್ರತಾಪಸಿಂಹನು ಕಾಶಿಯಲ್ಲಿಯೇ ತೀರಿಕೊಂಡನು. ಮರುವರ್ಷ ತಮ್ಮನೂ ಗತಿಸಲು, ರಾಜ್ಯವೇ ಕಂಪನಿಯ ವಶವಾಯಿತು.

ಈಗಿನ ಕಲಮಿನಿಂದ ಅಳೆದರೆ, ಅರಸನು ಕೊಟ್ಟ ಅಧಿಕಾರವು ಅಂದೇ ಮುಗಿಯಿತೆನ್ನಬೇಕು. ಆದರೂ ವಕೀಲನು ಹಡಗು ಹತ್ತಲಿಲ್ಲ. ಸಾತಾರೆಯ ಮನೆತನದ ಹೆಸರಿನಲ್ಲಿ ಇನ್ನೂ ಆರು ವರ್ಷ ಅಲ್ಲಿಯೇ ಹೋರಾಡಿದನು. ಕಾಯಿದೆಯ ಪ್ರಕಾರ ಆಗ ಅವನು ಯಾರ ವಕೀಲನು ಎಂದು ಕೇಳಿದರೆ ಉತ್ತರ ಸುಲಭವಲ್ಲ; ಸ್ವಾಮಿನಿಷ್ಠೆಯನ್ನು ಅಳೆಯುವ ಕಲಮು ಯಾವ ಶಾಸನದಲ್ಲಿಯೂ ಇಲ್ಲವಷ್ಟೆ. 1853ರಲ್ಲಿ ಬರಿಗೈಯಿಂದ ಮರಳಿದನು. 1857ರ ದಂಗೆಯ ಕಾಲದಲ್ಲಿ ಅವನ ಮಗನು ಮರಣದಂಡನೆಗೆ ಗುರಿಯಾದನು. ರಂಗೋ ಬಾಪೂಜಿಯು ಕಣ್ಮರೆಯಾದವನು ಸರಕಾರದ ಕೈಗೆ ಸಿಕ್ಕಲೇ ಇಲ್ಲ.