ಬಿಸಿಲಿಗಿಟ್ಟ ಸೆಲ್ಲು

ರಾಯಚೂರು ಕಡೆಯ ನಮ್ಮೂರಿನಲ್ಲಿ ಅಪ್ಪನ ರೇಡಿಯೊದ ದನಿ ಸಣ್ಣಗಾಯಿತೆಂದರೆ, ಮರುದಿನ ಹೊತ್ತೇರುವಷ್ಟರಲ್ಲಿ ಅದರ ಸೆಲ್ಲುಗಳು ಮನೆ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಮಲಗಿರುತ್ತಿದ್ದವು. ಅಮ್ಮನ ಹಪ್ಪಳ, ಸಂಡಿಗೆಗಳ ಪಕ್ಕದಲ್ಲೇ ಅವೂ ಬಿಸಿಲು ಕಾಯುತ್ತಿದ್ದವು. ಸಂಜೆ ಪ್ರದೇಶ ಸಮಾಚಾರದ ಹೊತ್ತಿಗೆ ಅಪ್ಪ ಅವನ್ನು ಮತ್ತೆ ರೇಡಿಯೊದ ಹೊಟ್ಟೆಗೆ ತುಂಬಿದರೆ ನಿಜಕ್ಕೂ ದನಿ ಏರುತ್ತಿತ್ತು. "ಸೆಲ್ಲಿಗೆ ಒಂದೀಟು ಬಿಸಿಲು ತಾಗಿದ್ರ ಜೀವ ಬರ್ತದ" ಎನ್ನುತ್ತಿದ್ದ. ಹೊಸ ಸೆಲ್ಲಿನ ಖರ್ಚನ್ನು ಮುಂದಿನ ಸಂತೆಯವರೆಗೆ ತಳ್ಳಲು ಆ ಜೀವ ಸಾಕಾಗುತ್ತಿತ್ತು.

ಬಹಳ ವರ್ಷಗಳ ನಂತರ ಮನೆಗೆ ಮೊದಲ ಮೊಬೈಲ್ ಬಂತು. ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬರುವಂಥ ಫೋನು. ಬೇಸಿಗೆಯಲ್ಲಿ ಕರೆಂಟು ದಿನಕ್ಕೆ ನಾಲ್ಕಾರು ಗಂಟೆ ಇದ್ದರೆ ಹೆಚ್ಚು. ಚಾರ್ಜು ಮುಗಿದು ಕರೆಂಟೂ ಇಲ್ಲದಾಗ ಅಪ್ಪ ತನಗೆ ಗೊತ್ತಿದ್ದ ಔಷಧಿಯನ್ನೇ ಮಾಡಿದ. ಬ್ಯಾಟರಿ ಬಿಚ್ಚಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟ. ಆ ಬೇಸಿಗೆಯಿಡೀ ಹೀಗೇ ನಡೆಯಿತು. ಮುಂಗಾರು ಬರುವಷ್ಟರಲ್ಲಿ ಬ್ಯಾಟರಿಯ ಹೊಟ್ಟೆ ಉಬ್ಬಿ, ಫೋನಿನ ಮುಚ್ಚಳ ಕೂರದಂತಾಯಿತು. ನಾವು ಮಕ್ಕಳೆಲ್ಲ ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ. ಒಂದು ವಾರದ ಕೂಲಿಯಷ್ಟು ದುಡ್ಡು ಹೊಸ ಬ್ಯಾಟರಿಗೆ ಹೋಗಿತ್ತು.

ಅಂದು ನಕ್ಕದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಅಪ್ಪ ಹೇಳುತ್ತಿದ್ದದ್ದು ರೇಡಿಯೊ ಸೆಲ್ಲಿನ ಮಟ್ಟಿಗೆ ನೂರಕ್ಕೆ ನೂರು ನಿಜ. ಬದಲಾದದ್ದು ಬ್ಯಾಟರಿಯ ಒಳಗಿನ ಪದಾರ್ಥ, ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಬ್ಯಾಟರಿಗಳ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಕಂಡದ್ದು ಇದೇ: ಪ್ರತಿಯೊಂದು ಬ್ಯಾಟರಿಯೂ ತನ್ನದೇ ಆದ ಒಂದು ನಡವಳಿಕೆಯನ್ನು ಮನೆಮಂದಿಗೆ ಕಲಿಸಿ ಹೋಗುತ್ತದೆ. ಬ್ಯಾಟರಿ ಸತ್ತ ಮೇಲೂ ಆ ನಡವಳಿಕೆ ಉಳಿಯುತ್ತದೆ. ಇಂದು ನಾವು ಫೋನಿಗೆ ಮಾಡುವ ಉಪಚಾರದಲ್ಲಿ ಬಹುಪಾಲು ಸತ್ತುಹೋದ ಬ್ಯಾಟರಿಗಳಿಗೆ ಸಲ್ಲಬೇಕಾದದ್ದು.

*

ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1800ರಲ್ಲಿ ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಹಾಳೆಗಳನ್ನಿಟ್ಟು ಕಂಬದಂತೆ ಪೇರಿಸಿ, ಅದರಿಂದ ನಿರಂತರವಾಗಿ ವಿದ್ಯುತ್ ಹರಿಯುವುದನ್ನು ತೋರಿಸಿದ. ಅದು ಮುಗಿದರೆ ಮುಗಿಯಿತು, ತಿರುಗಿ ತುಂಬುವಂಥದ್ದಲ್ಲ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಸತು, ಇಂಗಾಲ ಮತ್ತು ಮ್ಯಾಂಗನೀಸ್ ಡಯಾಕ್ಸೈಡ್ ಬಳಸಿ ಇನ್ನೊಂದು ಸೆಲ್ಲು ಮಾಡಿದ. ಅದರ ದ್ರವವನ್ನು ಅಂಟಿನಂತೆ ಗಟ್ಟಿಯಾಗಿಸಿ ಸತುವಿನ ಡಬ್ಬಿಯೊಳಗೆ ಮುಚ್ಚಿದಾಗ ಹುಟ್ಟಿದ್ದೇ ನಮ್ಮ ಟಾರ್ಚು, ರೇಡಿಯೊಗಳ ಸೆಲ್ಲು.

ಇಂಥ ಸೆಲ್ಲನ್ನು ಸತತವಾಗಿ ಬಳಸಿದಾಗ ಒಳಗಿನ ಕ್ರಿಯೆಯಿಂದ ಹುಟ್ಟುವ ಪದಾರ್ಥಗಳು ಅಲ್ಲಲ್ಲೇ ಜಮೆಯಾಗಿ ದಾರಿಗೆ ಅಡ್ಡ ನಿಲ್ಲುತ್ತವೆ. ಸೆಲ್ಲಿಗೆ ಬಿಡುವು ಕೊಟ್ಟರೆ ಅವು ನಿಧಾನವಾಗಿ ಚದುರುತ್ತವೆ, ಬಿಸಿಯಾದರೆ ಬೇಗ ಚದುರುತ್ತವೆ. ಅಪ್ಪನ ಬಿಸಿಲು ಸೆಲ್ಲಿಗೆ ಹೊಸ ಶಕ್ತಿ ತುಂಬುತ್ತಿರಲಿಲ್ಲ, ಒಳಗೆ ಉಳಿದು ಸಿಕ್ಕಿಹಾಕಿಕೊಂಡಿದ್ದ ಕೊನೆಯ ಚೂರನ್ನು ಬಿಡಿಸಿ ಕೊಡುತ್ತಿತ್ತು. ಹೇಗಿದ್ದರೂ ಎಸೆಯಬೇಕಾದ ಸೆಲ್ಲು. ಅದನ್ನು ಕಾಯಿಸಿ ಕಳೆದುಕೊಳ್ಳುವುದೇನೂ ಇರಲಿಲ್ಲ.

ತಿರುಗಿ ತುಂಬಬಹುದಾದ ಮೊದಲ ಬ್ಯಾಟರಿ 1859ರದು. ಫ್ರಾನ್ಸಿನ ಗ್ಯಾಸ್ತಾಂ ಪ್ಲಾಂತೆ ಸೀಸದ ಎರಡು ಹಾಳೆಗಳನ್ನು ಚಾಪೆಯಂತೆ ಸುತ್ತಿ ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಸಿದ. ಆ ಸೀಸವನ್ನು ಕೆಲಸಕ್ಕೆ ಅಣಿಗೊಳಿಸಲು ಮತ್ತೆ ಮತ್ತೆ ತುಂಬಿ, ಮತ್ತೆ ಮತ್ತೆ ಖಾಲಿ ಮಾಡಬೇಕಿತ್ತು. ಲಾರಿ, ಟ್ರ್ಯಾಕ್ಟರುಗಳಿಂದ ಹಿಡಿದು ಮನೆಯ ಇನ್ವರ್ಟರಿನವರೆಗೆ ಇಂದಿಗೂ ಆ ವಂಶದ ಬ್ಯಾಟರಿಗಳೇ ಇವೆ. ಇವಕ್ಕೆ ಹಸಿವು ಆಗದು. ಖಾಲಿ ಬಿಟ್ಟರೆ ಒಳಗಿನ ತಗಡುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಮತ್ತೆ ಕರಗದಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಟ್ರ್ಯಾಕ್ಟರ್ ಇಟ್ಟವರು ಕಲಿತ ಪಾಠ ಒಂದೇ: ಬ್ಯಾಟರಿ ಯಾವಾಗಲೂ ಫುಲ್ ಇರಬೇಕು.

ಮೂರನೆಯ ಪಾಠ ಇದಕ್ಕೆ ಪೂರಾ ಎದುರು. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ರೂಪಿಸಿದ. ಉಪಗ್ರಹಗಳ ಕಾಲ ಬಂದಾಗ ಇದು ಆಕಾಶಕ್ಕೂ ಹೋಯಿತು. ಕೆಳ ಕಕ್ಷೆಯ ಉಪಗ್ರಹ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ನೆರಳಿಗೆ ಬಂದಾಗ ಬ್ಯಾಟರಿ ಒಂದಿಷ್ಟು ಖರ್ಚಾಗುತ್ತದೆ, ಬಿಸಿಲಿಗೆ ಬಂದಾಗ ಸೌರಫಲಕದಿಂದ ತುಂಬಿಕೊಳ್ಳುತ್ತದೆ. ಹೀಗೆ ದಿನವೂ ಒಂದೇ ಅಳತೆಯಷ್ಟು ಬಳಸಿದ ಬ್ಯಾಟರಿ, ಆ ಅಳತೆ ಮುಟ್ಟಿದೊಡನೆ ಸೋತಂತೆ ವೋಲ್ಟೇಜ್ ಇಳಿಸುವುದನ್ನು ಎಂಜಿನಿಯರುಗಳು ಗಮನಿಸಿದರು. ತನ್ನ ಕೆಲಸ ಎಷ್ಟೆಂದು ಅದು ನೆನಪಿಟ್ಟುಕೊಂಡಂತಿತ್ತು. ಅದಕ್ಕೆ 'ಮೆಮೊರಿ' ಎಂದೇ ಹೆಸರಾಯಿತು. ಪರಿಹಾರ: ಆಗಾಗ ಪೂರ್ತಿ ಖಾಲಿ ಮಾಡಿ, ಆಮೇಲೆ ಪೂರ್ತಿ ತುಂಬುವುದು.

1983ರಲ್ಲಿ ಬಂದ ಮೋಟೊರೋಲಾದ ಡೈನಾಟ್ಯಾಕ್ ಎಂಬ ಇಟ್ಟಿಗೆಯಂಥ ಮೊಬೈಲಿನಲ್ಲಿ ಇದ್ದದ್ದು ಇದೇ ನಿಕ್ಕಲ್-ಕ್ಯಾಡ್ಮಿಯಂ. ಸುಮಾರು 10 ಗಂಟೆ ಚಾರ್ಜು ಮಾಡಿದರೆ ಅರ್ಧ ಗಂಟೆ ಮಾತು. 1995ರ ಜುಲೈ 31ರಂದು ಕೋಲ್ಕತ್ತಾದಿಂದ ಜ್ಯೋತಿ ಬಸು ಅವರು ದೆಹಲಿಯ ಸುಖ್ ರಾಮ್ ಅವರಿಗೆ ಭಾರತದ ಮೊದಲ ಮೊಬೈಲ್ ಕರೆ ಮಾಡಿದ ಕಾಲದಲ್ಲೂ ಬಹಳಷ್ಟು ಹ್ಯಾಂಡ್‌ಸೆಟ್ಟುಗಳ ಬ್ಯಾಟರಿ ನಿಕ್ಕಲ್ ವಂಶದ್ದೇ ಆಗಿತ್ತು. "ಪೂರ್ತಿ ಇಳಿಯೋವರೆಗೂ ಚಾರ್ಜಿಗೆ ಹಾಕಬೇಡಿ", "ಹೊಸ ಫೋನಿಗೆ ಮೊದಲು ಎಂಟು ಗಂಟೆ ಚಾರ್ಜು ಹಾಕಿ" ಎಂಬ ಅಂಗಡಿಯವರ ಉಪದೇಶಗಳ ಬೇರು ಆ ದಿನಗಳಲ್ಲಿದೆ.

*

ಆದರೆ ಅಷ್ಟರಲ್ಲಿ ಇನ್ನೊಂದು ಪದಾರ್ಥ ದಾರಿಯಲ್ಲಿತ್ತು. 1970ರ ದಶಕದಲ್ಲಿ ಅಮೆರಿಕದ ತೈಲ ಕಂಪನಿ ಎಕ್ಸಾನಿನಲ್ಲಿದ್ದ ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಲೋಹಗಳಲ್ಲೆಲ್ಲ ಹಗುರವಾದ ಲಿಥಿಯಂನಿಂದ ತಿರುಗಿ ತುಂಬುವ ಬ್ಯಾಟರಿ ಮಾಡಿದರು. ಚಾರ್ಜು ಮಾಡಿದಂತೆಲ್ಲ ಲಿಥಿಯಂ ಲೋಹದ ಮೇಲೆ ಮೀಸೆಯಂಥ ಎಳೆಗಳು ಬೆಳೆದು, ಆ ಬದಿಯನ್ನು ಮುಟ್ಟಿ, ಬೆಂಕಿ ಏಳುತ್ತಿತ್ತು. ಪ್ರಯೋಗಾಲಯಕ್ಕೆ ಅಗ್ನಿಶಾಮಕ ದಳ ಪದೇ ಪದೇ ಬರಬೇಕಾಯಿತು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಇನಫ್ ಅವರ ತಂಡ ಕೋಬಾಲ್ಟ್ ಆಕ್ಸೈಡನ್ನು ಬಳಸಿ ವೋಲ್ಟೇಜನ್ನು 4ಕ್ಕೆ ಏರಿಸಿತು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಲಿಥಿಯಂ ಲೋಹವನ್ನೇ ತೆಗೆದುಹಾಕಿ, ಆ ಜಾಗದಲ್ಲಿ ಇಂಗಾಲವನ್ನು ಇಟ್ಟರು. ತಮ್ಮ ಬ್ಯಾಟರಿಯ ಮೇಲೆ ಕಬ್ಬಿಣದ ದೊಡ್ಡ ತುಂಡನ್ನು ಬೀಳಿಸಿ, ಅದು ಸ್ಫೋಟಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಸ್ಟಾಕ್‌ಹೋಮಿನಲ್ಲಿ ಅವರ ಪರವಾಗಿ ನೊಬೆಲ್ ಉಪನ್ಯಾಸ ನೀಡಿದವರು ತಮಿಳುನಾಡಿನಲ್ಲಿ ಹುಟ್ಟಿದ ವಿಜ್ಞಾನಿ ಅರುಮುಗಂ ಮಂಥಿರಾಮ್.

ಈ ಬ್ಯಾಟರಿಯ ಒಳಗೆ ನಡೆಯುವುದು ವಲಸೆ. ಚಾರ್ಜು ಹಾಕಿದಾಗ ಲಿಥಿಯಂ ಅಯಾನುಗಳು ಪ್ಲಸ್ ಕಡೆಯ ಕೋಬಾಲ್ಟ್ ಆಕ್ಸೈಡಿನ ಪದರಗಳಿಂದ ಹೊರಟು, ಮೈನಸ್ ಕಡೆಯ ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಫೋನು ಬಳಸುವಾಗ ತವರಿಗೆ ಮರಳುತ್ತವೆ. ಆದರೆ ತವರನ್ನು ಪೂರ್ತಿ ಖಾಲಿ ಮಾಡುವ ಹಾಗಿಲ್ಲ. ಅರ್ಧಕ್ಕಿಂತ ಬಹಳ ಹೆಚ್ಚು ಲಿಥಿಯಂ ಹೊರಟುಹೋದರೆ ಕೋಬಾಲ್ಟ್ ಆಕ್ಸೈಡಿನ ಪದರಗಳು ಸಡಿಲವಾಗಿ ಕೆಡತೊಡಗುತ್ತವೆ. ಅದಕ್ಕೇ ಎಂಜಿನಿಯರುಗಳು ಒಂದು ವೋಲ್ಟೇಜಿನಲ್ಲಿ, ಬಹುಕಾಲ ಅದು 4.2 ಆಗಿತ್ತು, ಗೆರೆ ಎಳೆದು ಅದನ್ನು 100 ಎಂದು ಕರೆದರು. ಕೆಳಗೂ ಒಂದು ಗೆರೆ ಎಳೆದು ಅದನ್ನು ಸೊನ್ನೆ ಎಂದರು. ಫೋನಿನ ಪರದೆಯ ಮೇಲೆ ಕಾಣುವ ಶೇಕಡಾವಾರು ಮನುಷ್ಯರು ಮಾಡಿಕೊಂಡ ಒಪ್ಪಂದ. ಆ ಎರಡು ಗೆರೆಗಳ ಹತ್ತಿರ ಹೋದಷ್ಟೂ ಬ್ಯಾಟರಿಗೆ ಬಳಲಿಕೆ ಹೆಚ್ಚು.

ಇನ್ನೊಂದು ಸಂಗತಿಯಿದೆ. ಮೊಟ್ಟಮೊದಲ ಬಾರಿ ಚಾರ್ಜಾದಾಗ ಗ್ರಾಫೈಟಿನ ಮೇಲೆ ಹಾಲಿನ ಕೆನೆಯಂತೆ ಒಂದು ತೆಳು ಪೊರೆ ಕಟ್ಟುತ್ತದೆ. ಅದೇ ಬ್ಯಾಟರಿಯನ್ನು ಕಾಯುವುದು. ಈ ಮೊದಲ ಚಾರ್ಜು ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಪ್ಲಾಂತೆ ಸೀಸವನ್ನು ಅಣಿಗೊಳಿಸಿದಂತೆ ಇಲ್ಲೂ ಒಂದು ಅಣಿಗೊಳಿಸುವಿಕೆ ಇದೆ, ಆದರೆ ಫೋನು ನಮ್ಮ ಕೈಗೆ ಬರುವ ಮುಂಚೆಯೇ. ಹಾಗಾಗಿ ಹೊಸ ಫೋನಿಗೆ ಎಂಟು ಗಂಟೆ ಕಾಯುವುದು ವ್ಯರ್ಥ. ಆ ಪೊರೆ ವರ್ಷ ಕಳೆದಂತೆ ಲಿಥಿಯಂ ನುಂಗುತ್ತ ದಪ್ಪವಾಗುತ್ತದೆ. ಬ್ಯಾಟರಿಗೆ ವಯಸ್ಸಾಗುವುದೆಂದರೆ ಬಹುಮಟ್ಟಿಗೆ ಇದೇ. ಅದನ್ನು ಬೇಗ ದಪ್ಪಗಾಗಿಸುವವು ಎರಡು: ಬಿಸಿ, ಮತ್ತು ಬಹಳ ಹೊತ್ತು ಪೂರ್ತಿ ತುಂಬಿದ ಸ್ಥಿತಿಯಲ್ಲೇ ಇರುವುದು. ಟ್ರ್ಯಾಕ್ಟರಿನ ಬ್ಯಾಟರಿಯನ್ನು ಉಳಿಸುವ ನಡವಳಿಕೆ ಫೋನನ್ನು ಸವೆಸುತ್ತದೆ. ರೇಡಿಯೊ ಸೆಲ್ಲಿಗೆ ಜೀವ ಕೊಟ್ಟ ಬಿಸಿಲು ಫೋನಿನ ಜೀವ ತೆಗೆಯುತ್ತದೆ.

*

ಇಷ್ಟನ್ನು ತಿಳಿದರೆ ಒಳ್ಳೆಯ ರೂಢಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಸೊನ್ನೆಗಿಳಿಯುವವರೆಗೆ ಕಾಯದೆ, ಇಪ್ಪತ್ತರ ಆಸುಪಾಸಿಗೆ ಬಂದಾಗ ಚಾರ್ಜಿಗೆ ಹಾಕುವುದು, ಎಂಬತ್ತರ ಹತ್ತಿರ ತೆಗೆಯುವುದು. ನಡುನಡುವೆ ಸ್ವಲ್ಪ ಸ್ವಲ್ಪ ಹಾಕಿದರೆ ಆಯುಷ್ಯ ಕಡಿಮೆಯಾಗುತ್ತದೆಂಬ ಭಯ ಬೇಡ. ಇಂದು ಅರ್ಧ, ನಾಳೆ ಅರ್ಧ ಬಳಸಿದರೆ ಎರಡೂ ಸೇರಿ ಒಂದು ಸುತ್ತಿನ ಲೆಕ್ಕ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಬ್ಯಾಟರಿ ತುಂಬಿ ಹೊರಚೆಲ್ಲುವುದಿಲ್ಲ, ಫೋನು ತಾನೇ ನಿಲ್ಲಿಸುತ್ತದೆ. ಆದರೆ ನೂರರಲ್ಲೇ ಗಂಟೆಗಟ್ಟಲೆ ಕೂರುತ್ತದೆ, ದಿಂಬಿನ ಕೆಳಗಿದ್ದರೆ ಬೇಯುತ್ತ ಕೂರುತ್ತದೆ. ಎಂಬತ್ತಕ್ಕೆ ನಿಲ್ಲಿಸುವ ಆಯ್ಕೆ ಈಗ ಹಲವು ಫೋನುಗಳ ಸೆಟ್ಟಿಂಗಿನಲ್ಲೇ ಇದೆ. ಬಳಸದೆ ಎತ್ತಿಡುವ ಫೋನಿನಲ್ಲಿ ಅರ್ಧದಷ್ಟು ಚಾರ್ಜು ಇರಲಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೈಕಿನ ಹ್ಯಾಂಡಲ್ ಮೇಲೆ, ಒಲೆಯ ಪಕ್ಕದ ಕಟ್ಟೆಯ ಮೇಲೆ ಚಾರ್ಜಾಗುವ ಫೋನು ಎಷ್ಟು ಶೇಕಡಾದಲ್ಲಿ ನಿಂತರೂ ಸವೆಯುತ್ತದೆ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮಾತ್ರ ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೂ ಹಾಕಬಾರದು. ಹಾಗೆಂದು ದೂರದ ಬಸ್ಸಿಗೆ ಹೊರಟವರು ನೂರು ತುಂಬಿಸಿಕೊಂಡರೆ ಪಾಪವೇನಿಲ್ಲ. ಫೋನು ಇರುವುದು ನಮಗಾಗಿ.

2007ರ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿಯಷ್ಟು ವಿಪರೀತ ಬಿಸಿಯಾಗಬಹುದೆಂದು ಎಚ್ಚರಿಸಿದ್ದು ಹಲವರಿಗೆ ನೆನಪಿರಬಹುದು. ಆಗ ಬ್ಯಾಟರಿ ಬಿಚ್ಚಿ, ಅದರ ಮೇಲಿನ ನಂಬರು ನೋಡಿ, ಬದಲಿ ತೆಗೆದುಕೊಳ್ಳಬಹುದಿತ್ತು. ಈಗಿನ ಫೋನುಗಳು ಅಂಟು ಹಾಕಿ ಮುಚ್ಚಿದ ಪೆಟ್ಟಿಗೆಗಳು. ಹಳೆಯ ಬ್ಯಾಟರಿಯ ಐಫೋನುಗಳನ್ನು ತಂತ್ರಾಂಶದಿಂದ ನಿಧಾನಗೊಳಿಸಿದ್ದು ಬಯಲಾದಾಗ, 2017ರ ಡಿಸೆಂಬರಿನಲ್ಲಿ ಆಪಲ್ ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಬ್ಯಾಟರಿ ಸೋತದ್ದನ್ನು ಫೋನೇ ಸೋತಿತೆಂದು ತಿಳಿದು ಹೊಸದು ಕೊಂಡವರು ಎಷ್ಟು ಮಂದಿಯೋ. ಒಂದು ತಿಂಗಳ ದುಡಿಮೆ ಕೊಟ್ಟು ಫೋನು ತಂದವರಿಗೆ, ಓಟಿಪಿ ಬಂದರಷ್ಟೇ ಪಿಂಚಣಿ ಸಿಗುವವರಿಗೆ ಇದು ಸಣ್ಣ ಮಾತಲ್ಲ.

ಎಂಬತ್ತರ ನಿಯಮವೂ ಶಾಶ್ವತವಲ್ಲ. 1997ರಲ್ಲಿ ಗುಡ್‌ಇನಫ್ ಅವರೊಂದಿಗೆ ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಎಂಬ ನಮ್ಮ ಕಿವಿಗೆ ಪರಿಚಿತವಾದ ಹೆಸರುಗಳಿರುವ ಒಂದು ಪ್ರಬಂಧ ಪ್ರಕಟವಾಯಿತು. ಕೋಬಾಲ್ಟಿನ ಬದಲು ಕಬ್ಬಿಣದ ಫಾಸ್ಫೇಟ್ ಬಳಸಬಹುದೆಂದು ತೋರಿಸಿದ ಪ್ರಬಂಧ ಅದು. ಇಂದು ಬಹಳಷ್ಟು ಎಲೆಕ್ಟ್ರಿಕ್ ವಾಹನಗಳು ಓಡುತ್ತಿರುವುದು ಆ ಬ್ಯಾಟರಿಯ ಮೇಲೆ. ಅದರಲ್ಲಿ ಉಳಿದ ಚಾರ್ಜನ್ನು ಅಳೆಯುವುದು ಕಷ್ಟವಾದ್ದರಿಂದ, ವಾರಕ್ಕೊಮ್ಮೆ ನೂರು ತುಂಬಿಸಿ ಎನ್ನುವ ಕಾರು ತಯಾರಕರೂ ಇದ್ದಾರೆ. ಒಂದೇ ಮನೆಯ ಅಂಗಳದಲ್ಲಿ ಕಾರಿಗೆ ಒಂದು ನಿಯಮ, ಜೇಬಿನ ಫೋನಿಗೆ ಇನ್ನೊಂದು.

ಈ ಸಲ ಊರಿಗೆ ಹೋದಾಗ ಅಪ್ಪನ ಸ್ಮಾರ್ಟ್‌ಫೋನು ಪಡುವಣ ಕಿಟಕಿಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಚಾರ್ಜಾಗುತ್ತ ಕೂತಿತ್ತು. ನೂರು ತೋರಿಸುತ್ತಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ಹಳೇ ರೂಢಿ ಇನ್ನೂ ಬಿಟ್ಟಿಲ್ಲವೆಂದುಕೊಂಡು ನಾನು ಪೊರೆ, ಪದರ ಎಂದೆಲ್ಲ ವಿವರಿಸತೊಡಗಿದೆ. ಅಪ್ಪ ಪೂರ್ತಿ ಕೇಳಿ, "ಅದೆಲ್ಲ ಖರೆ ಇರಬಹುದಪ್ಪಾ, ಆದ್ರ ಆ ಕಿಟಕಿ ಬಿಟ್ರ ಬ್ಯಾರೆ ಎಲ್ಲೂ ಟವರ್ ಸಿಗಂಗಿಲ್ಲ" ಎಂದ.

ಮನೆಯ ತುಂಬ ಫೋನು ಹಿಡಿದು ಓಡಾಡಿದೆವು. ಅವನು ಹೇಳಿದ್ದು ನಿಜವೇ ಆಗಿತ್ತು. ಕೊನೆಗೆ ಬೆಳಗಿನ ತಂಪಿನಲ್ಲೇ, ರೇಡಿಯೊ ಇಡುತ್ತಿದ್ದ ಗೂಡಿನಲ್ಲಿ ಚಾರ್ಜು ಮಾಡಿ, ಆಮೇಲೆ ಕಿಟಕಿಗೆ ಒಯ್ಯುವುದೆಂದು ತೀರ್ಮಾನವಾಯಿತು. ಕಿಟಕಿಗೆ ಅಮ್ಮನ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿದೆವು.