ಬೀದಿ ಕೂಡಿದರೆ ಊರು

ನಗರದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಕೋಟೆ, ಅರಮನೆ, ಮಸೀದಿ, ಮಂದಿರಗಳಲ್ಲಿ ಹುಡುಕುತ್ತೇವೆ. ಆದರೆ ಅನೇಕ ಕಟ್ಟಡಗಳಿಗಿಂತ ಹೆಚ್ಚು ಕಾಲ ಬಾಳುವುದು ಬೀದಿ. ಮನೆಯನ್ನು ಕೆಡವಿ ಕಟ್ಟಬಹುದು. ಒಮ್ಮೆ ಹಾಕಿದ ಬೀದಿಯ ಗೆರೆಯನ್ನು ಬದಲಿಸುವುದು ಬಹು ಕಷ್ಟ. ನಮ್ಮ ಬೆಂಗಳೂರೇ ಇದಕ್ಕೆ ಸಾಕ್ಷಿ.

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಗೆ ಎರಡು ಬೀದಿಗಳೇ ಬೆನ್ನೆಲುಬು: ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ಅವು ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೂ ಎತ್ತುಗಳಿಂದ ಉಳುಮೆ ಮಾಡಿಸಿ ಗೆರೆ ಹಾಕಿಸಿದರೆಂಬ ಪ್ರತೀತಿಯಿದೆ. ದೊಡ್ಡಪೇಟೆ ಇಂದಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆಗಳ ಓಣಿಗಳು ಇಕ್ಕಟ್ಟಾದರೂ ಒಂದರಿಂದ ಇನ್ನೊಂದಕ್ಕೆ ನಡೆದೇ ದಾಟಬಹುದು.

1809ರಲ್ಲಿ ಬ್ರಿಟಿಷರು ಪೇಟೆಯಿಂದ ದೂರದಲ್ಲಿ ದಂಡುಪ್ರದೇಶವನ್ನು ಸ್ಥಾಪಿಸಿದರು. ಪೇಟೆ ಮತ್ತು ದಂಡು ಬೇರೆ ಬೇರೆ ಊರುಗಳಂತೆಯೇ ಬೆಳೆದು, 1949ರಲ್ಲಿ ಒಂದೇ ನಗರಸಭಾ ನಿಗಮದ ಅಡಿ ಸೇರಿದವು. ಈ ನಡುವೆ 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಅಪಾಯವನ್ನು ಕಣ್ಣಿಗೆ ಕಟ್ಟಿತು. ಗಾಳಿ ಬೆಳಕಿಗೆ ಅವಕಾಶವಿರುವ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. ಅಲ್ಲಿ ಮುಖ್ಯರಸ್ತೆಗಳನ್ನು ಅಡ್ಡರಸ್ತೆಗಳು ಚೌಕಾಕಾರವಾಗಿ ಕತ್ತರಿಸುತ್ತವೆ. ಒಂದು ರಸ್ತೆ ಮುಚ್ಚಿದರೆ ಪಕ್ಕದ ರಸ್ತೆ ಸಿಗುತ್ತದೆ.

ಮುಂದೆ ನಗರ ಬೆಳೆದ ವೇಗಕ್ಕೆ ಯೋಜನೆ ಸಾಟಿಯಾಗಲಿಲ್ಲ. 2007ರಲ್ಲಿ ಬೃಹತ್ ಮಹಾನಗರ ಪಾಲಿಕೆ ರಚನೆಯಾದಾಗ 7 ನಗರಸಭೆ, 1 ಪುರಸಭೆ ಹಾಗೂ 110 ಹಳ್ಳಿಗಳು ಸೇರಿಕೊಂಡವು. ಹೊರವಲಯದಲ್ಲಿ ಹೊಲದ ಒಡೆಯನೊಬ್ಬ ತನ್ನ ಜಮೀನನ್ನು ನಿವೇಶನಗಳಾಗಿ ಮಾರುವಾಗ ಹಳ್ಳಿಯ ರಸ್ತೆಗೆ ಒಂದು ದಾರಿ ಬಿಟ್ಟರೆ ಸಾಕೆನಿಸಿತು. ಪಕ್ಕದ ಹೊಲದವನೂ ಹಾಗೆಯೇ ಮಾಡಿದ. ಎರಡರ ಬೀದಿಗಳು ಕೂಡಲಿಲ್ಲ. ಆಮೇಲೆ ಒಂದೇ ಗೇಟಿನ, ಸುತ್ತುಗೋಡೆಯ ಬಡಾವಣೆಗಳೂ ಬಂದವು.

ನಾಲ್ಕು ರಸ್ತೆ ಕೂಡುವ ಚೌಕದಲ್ಲಿ ಮುಂದೆ ಹೋಗಲು ಮೂರು ದಾರಿಗಳಿರುತ್ತವೆ. ಕುರುಡು ರಸ್ತೆಯಲ್ಲಿ ಒಂದೂ ಇರುವುದಿಲ್ಲ. ಅಂಥ ರಸ್ತೆಗಳು ಹೆಚ್ಚಿದಷ್ಟೂ ಎಲ್ಲ ವಾಹನಗಳೂ ಒಂದೇ ಹೆದ್ದಾರಿಗೆ ಬಂದು ಬೀಳುತ್ತವೆ. ಗೋಡೆಯಾಚೆಯೇ ಶಾಲೆಯಿದ್ದರೂ ಮಗು ಆ ಹೆದ್ದಾರಿಯನ್ನು ಬಳಸಿ ಹೋಗಬೇಕು. ವಾಹನವಿಲ್ಲದ ಮನೆಯ ಹೆಣ್ಣುಮಗಳ ಓದು ಕೆಲವೊಮ್ಮೆ ಆ ಸುತ್ತುದಾರಿಯಲ್ಲೇ ನಿಂತುಬಿಡುವುದುಂಟು.

ಈ ಕಷ್ಟ ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದುದ್ದಕ್ಕೂ ಹೊಸ ಬಡಾವಣೆಗಳ ಬೀದಿಗಳು ಹೀಗೆ ಬಿಡಿಬಿಡಿಯಾಗುತ್ತ ಹೋದವು. 1990ರ ದಶಕದ ನಡುವಿನಿಂದ ಈ ಪ್ರವೃತ್ತಿ ಇಳಿಮುಖವಾಯಿತು. ಅಂದರೆ ಮನಸ್ಸು ಮಾಡಿದರೆ ದಿಕ್ಕು ಬದಲಾಗಬಲ್ಲದು. ಆದರೆ ಅದಾಗಲೇ ಹಾಕಿದ ಕುರುಡು ಬೀದಿಗಳು ಹಾಗೆಯೇ ಉಳಿದಿವೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ನಾಳೆಯ ಇಂಜಿನಿಯರುಗಳು, ಅಧಿಕಾರಿಗಳು, ನಿವೇಶನ ಕೊಳ್ಳುವವರು ಇದ್ದೀರಿ. ನಕ್ಷೆ ನೋಡುವಾಗ ನಿವೇಶನದ ಅಳತೆಯನ್ನಷ್ಟೇ ನೋಡಬೇಡಿ. ಈ ಬೀದಿ ಮುಂದೆ ಯಾವ ಬೀದಿಗೆ ಕೂಡುತ್ತದೆ ಎಂದು ಕೇಳಿ. ಇಂದು ಬಿಡುವ ದಾರಿಯಲ್ಲೇ ನಮ್ಮ ಮೊಮ್ಮಕ್ಕಳು ನಡೆಯಬೇಕಾಗಿದೆ.